ಅವಳಿಗೆ ಇವನೇ ಯಾಕೆ?

ಪ್ರೀತಿಯ ತಂಗಿ,

ನೀನು ಕಳಿಸಿದ ಕಾದಂಬರಿ ಓದಿದೆ. ಮಡಿಕೇರಿ ಬಸ್ ಸ್ಟ್ಯಾಂಡಿನ ಗದ್ದಲ ಕಣ್ಣಿಗೆ ಕಟ್ಟುವ ಹಾಗಿದೆ. ಆದರೆ ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಹುಡುಗ ಮತ್ತು ಪಕ್ಕದ ತೋಟದ ಮಗಳ ಪ್ರೀತಿ ಇದೆಯಲ್ಲ, ಅದನ್ನು ನಂಬೋಕೆ ಆಗಲಿಲ್ಲ. ಮಳೆ, ಇಬ್ಬರಿಗೂ ಒಂದೇ ಕೊಡೆ, ಮುಂದಿನ ಪುಟದಲ್ಲಿ ಪ್ರಾಣ ಕೊಡಲೂ ತಯಾರು. ಪ್ರೀತಿ ಬೇಗ ಹುಟ್ಟಬಾರದು ಅಂತಲ್ಲ, ಹುಟ್ಟಲಿ. ಊರಲ್ಲಿ ಇಷ್ಟು ಹುಡುಗರಿರುವಾಗ ಅವಳಿಗೆ ಇವನೇ ಯಾಕೆ ಅನ್ನೋದು ಓದುವವರಿಗೆ ಗೊತ್ತಾಗಬೇಕು, ಅಲ್ವಾ?

ಅದನ್ನು ಅವನ ಕೆಲಸದೊಳಗೇ ಹುಡುಕು. ಜನವರಿ, ರೊಬಸ್ಟಾ ಕಾಫಿಯ ಕುಯ್ಲು. ಸಂಜೆ ಎಲ್ಲರೂ ಹಣ್ಣಿನ ಚೀಲ ಹೊತ್ತು ತಂದು ತೂಕಕ್ಕೆ ನಿಂತಿದ್ದಾರೆ, ಕತ್ತಲಾಗುತ್ತಿದೆ, ಕೆಲಸದವರ ಸಾಲು ಮನೆಗೆ, ಅದೇ ಲೈನ್ ಮನೆಗೆ, ಹೋಗಿ ಒಲೆ ಹಚ್ಚುವ ಆತುರ. ವಯಸ್ಸಾದ ಒಬ್ಬಾಕೆ ಇನ್ನೂ ಕೆಳಗಿನ ಇಳಿಜಾರಿನಲ್ಲೇ ಇದ್ದಾರೆ. ರೈಟರ್ ಪುಸ್ತಕ ಮುಚ್ಚುವುದಿಲ್ಲ. ಟಾರ್ಚ್ ಹಿಡಿದು ಕಾಯುತ್ತಾನೆ, ಆಕೆ ಬಂದ ಮೇಲೆ ಚೀಲ ತಾನೇ ಎತ್ತಿ ತೂಗಿ, ಎಷ್ಟು ಕೆ.ಜಿ. ಅಂತ ಎರಡು ಸಲ ಓದಿ ಹೇಳುತ್ತಾನೆ. ಅಪ್ಪನ ಜೊತೆ ಜೀಪಿನಲ್ಲಿ ಬಂದ ಹುಡುಗಿ ಅದನ್ನು ನೋಡಿದರೆ ಸಾಕು. ತೂಕದ ವಿಷಯಕ್ಕೆ ತಮ್ಮ ತೋಟದಲ್ಲಿ ದಿನಾ ಆಗುವ ಜಗಳ ಕೇಳಿಕೊಂಡು ಬೆಳೆದವಳು ಅವಳು ಅಂತ ಹಿಂದೆಯೇ ಒಂದು ಸಾಲು ಹಾಕಿಡು. ಬೇರೆ ವಿವರಣೆ ಬೇಡ.

ಅವಳಿಗೂ ಒಂದು ಬದುಕು ಕೊಡು, ದಯವಿಟ್ಟು. ಈಗ ಅವಳಿಗೆ ಕಾಯುವುದು, ಅಳುವುದು ಬಿಟ್ಟು ಬೇರೆ ಕೆಲಸವೇ ಇಲ್ಲ. ಅಪ್ಪನ ನಂತರ ತೋಟ ತಾನೇ ನೋಡಿಕೊಳ್ಳಬೇಕು ಅನ್ನುವ ಹಠ ಇರಲಿ, ಇವನನ್ನು ಕಟ್ಟಿಕೊಂಡರೆ ಆ ತೋಟ ಕೈತಪ್ಪೀತು ಅನ್ನುವ ಭಯವೂ ಇರಲಿ.

ಇನ್ನು ಆ ಕಾಫಿ ಹೂವಿನ ದೃಶ್ಯ. ಜುಲೈ ಮಳೆಯಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿದೆ ಅಂತ ಬರೆದಿದ್ದೀಯ, ನಮ್ಮ ಕಡೆಯವರು ಅಲ್ಲಿಗೇ ಪುಸ್ತಕ ಕೆಳಗಿಡುತ್ತಾರೆ. ಹೂ ಅರಳುವುದು ಫೆಬ್ರವರಿ, ಮಾರ್ಚಿನ ಹೂಮಳೆ ಬಿದ್ದು 8-10 ದಿನಕ್ಕೆ, ಅದೂ ಕೆಲವೇ ದಿನ ಇದ್ದು ಬಾಡುತ್ತದೆ. ಈ ಲೆಕ್ಕವನ್ನೇ ಕಥೆಗೆ ಬಳಸಿಕೋ. ಆ ವರ್ಷ ಮಳೆ ಕೈಕೊಟ್ಟಿದೆ, ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಪೈಪು ಬದಲಿಸಬೇಕು, ಹೊಳೆಯಲ್ಲಿ ನೀರು ಕಡಿಮೆ, ಎರಡೂ ತೋಟದ ಪಂಪ್ ಅದೇ ಹೊಳೆಗೆ. ಅವನು ಧಣಿಯ ಪರ ನಿಲ್ಲಬೇಕು, ಅವಳು ಅಪ್ಪನ ಪರ. ಅಲ್ಲಿ ಚೆನ್ನಾಗಿ ಜಗಳ ಆಡಲಿ. ಇಬ್ಬರ ಮಾತಿನಲ್ಲೂ ನ್ಯಾಯ ಇರಲಿ. ಬೆಳಗಿನ ಜಾವ ಯಾರು ಮೊದಲು ಪಂಪ್ ನಿಲ್ಲಿಸುತ್ತಾರೆ ಅನ್ನೋದನ್ನು ನೀನೇ ಯೋಚಿಸು, ನನಗೆ ಅವಳೇ ಅನಿಸುತ್ತದೆ.

ಮದುವೆಯ ಅಧ್ಯಾಯದಲ್ಲಿ ಪುರೋಹಿತರು ಯಾಕೆ ಬಂದರು? ಅವಳದು ಕೊಡವ ಮನೆ ಅಂತ ನೀನೇ ಬರೆದಿದ್ದೀಯ. ಕೊಡವರ ಮದುವೆ ನಡೆಸುವುದು ಹಿರಿಯರು. ಗಂಗಾ ಪೂಜೆಯ ಹೊತ್ತಿಗೆ ಮದುಮಗಳು ತಲೆ ಮೇಲೆ ನೀರಿನ ಬಿಂದಿಗೆ ಹೊತ್ತು ಬರುವಾಗ ಗಂಡಿನ ಕಡೆಯವರು ದಾರಿಗೆ ಅಡ್ಡ ನಿಂತು ಕುಣಿಯುತ್ತಾರೆ, ಅವಳು ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಇವನು ಬೇರೆ ಜಾತಿಯವನು, ಹಾಗಾಗಿ ಅವಳಿಗೆ ಆ ಬಿಂದಿಗೆ ಸಿಗುತ್ತದೋ ಇಲ್ಲವೋ ಅನ್ನೋದೇ ದೊಡ್ಡ ಪ್ರಶ್ನೆ. ಅದನ್ನು ಎರಡು ಸಾಲಿನಲ್ಲಿ ದಾಟಿಬಿಟ್ಟಿದ್ದೀಯ.

ಅಪ್ಪನನ್ನು ಸುಮ್ನೆ ಕೋವಿ ಹಿಡಿದ ಖಳನಾಯಕ ಮಾಡಬೇಡ. ಅವರಿಗೆ ಒಕ್ಕದವರ, ಅಂದರೆ ಮನೆತನದವರ, ಮುಖ ನೋಡಬೇಕು, ಮಗಳ ಮೇಲೆ ಜೀವವೂ ಇದೆ. ಅವರು ಬೇಡ ಅನ್ನುವಾಗ ಓದುವವರಿಗೆ ಅವರ ಮೇಲೂ ಕನಿಕರ ಬರಬೇಕು. ನಾನಾಗಿದ್ದರೆ ಎಲ್ಲಕ್ಕಿಂತ ಮೊದಲು ಆ ಅಧ್ಯಾಯವನ್ನೇ ತಿದ್ದುತ್ತಿದ್ದೆ. ಹುತ್ತರಿ ಹಬ್ಬ ಮುಗಿದು ಕಾಫಿ ಕುಯ್ಲು ಶುರುವಾದರೆ ನನಗೂ ಓದಲು ಪುರುಸೊತ್ತು ಸಿಗುವುದಿಲ್ಲ, ಅಷ್ಟರೊಳಗೆ ಕಳಿಸು.

ಇಂತಿ,
ನಿನ್ನ ಅಕ್ಕ