ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಬೇಡ

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಚಿತ್ರದುರ್ಗ–ದಾವಣಗೆರೆ ಹೆದ್ದಾರಿಯ ಬದಿಯಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಕಾರುಗಳಿಗೆ ಬೋರ್‌ವೆಲ್ ನೀರು ಸುರಿಯುವುದು ಕಾಣುತ್ತದೆ. ನಮ್ಮ ಭಾಗದ ಗಡಸು ನೀರು ಕಾದಾಗ ಸುಣ್ಣದ ಪದರ ಕಟ್ಟಿ, ಎಂಜಿನ್‌ನ ಬಿಸಿ ಇಳಿಸುವ ರೇಡಿಯೇಟರ್‌ನ ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ. ಆಮೇಲೆ ಎಂಜಿನ್ ಅತಿಯಾಗಿ ಕಾದು ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಬ್ಲಾಕ್ ಮತ್ತು ಮೇಲ್ಭಾಗದ ನಡುವಿನ ಸೀಲು) ಹೋದರೆ ಖರ್ಚು ಸಣ್ಣದಲ್ಲ. ತೀರಾ ಅನಿವಾರ್ಯವಾಗಿ ಹಾಕಿದ್ದರೆ ಬೇಗ ತೊಳೆಸಿ.

ರೇಡಿಯೇಟರ್‌ಗೆ ಹಾಕಬೇಕಾದ್ದು ಕೂಲಂಟ್, ಅಂದರೆ ಎಂಜಿನ್ ತಣಿಸುವ, ತುಕ್ಕು ತಡೆಯುವ ದ್ರವ. ಹಳೆಯ ಮಾದರಿಯ ಕೂಲಂಟ್ ಸುಮಾರು 2 ವರ್ಷ ಅಥವಾ 40,000 ಕಿ.ಮೀ. ಬಾಳುತ್ತದೆ, ದೀರ್ಘ ಬಾಳಿಕೆಯದು ಸುಮಾರು 5 ವರ್ಷ; ಕಾರಿನ ಕೈಪಿಡಿಯ ಮಾತೇ ಅಂತಿಮ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೆ ಎಲ್ಲ ಕಂಪನಿಗಳೂ ಪಾಲಿಸುವ ನಿಯಮವಿಲ್ಲ. ಬೇರೆ ಬೇರೆ ಬಗೆ ಬೆರೆತರೆ ತುಕ್ಕು ತಡೆಯುವ ಗುಣ ಕುಂದುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ರೇಡಿಯೇಟರ್ ಮುಚ್ಚಳ ತೆರೆಯಿರಿ. ಬಿಸಿಯಲ್ಲಿ ತೆರೆದರೆ ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆ. ರೇಡಿಯೇಟರ್ ಬುಡದ ತಿರುಪು ಬಿಚ್ಚಿ ಹಳೆಯ ಕೂಲಂಟ್ ಬಸಿದರೂ ಎಂಜಿನ್ ಬ್ಲಾಕ್‌ನಲ್ಲಿ ಒಂದಿಷ್ಟು ಉಳಿಯುತ್ತದೆ. ಹಾಗಾಗಿ ಡಿಸ್ಟಿಲ್ಡ್ ವಾಟರ್ (ಲವಣವಿಲ್ಲದ ಬಟ್ಟಿ ಇಳಿಸಿದ ನೀರು) ತುಂಬಿ, ಹೀಟರ್ ಪೂರ್ತಿ ಬಿಸಿಗಿಟ್ಟು ಎಂಜಿನ್ ಓಡಿಸಿ, ತಣಿದ ಮೇಲೆ ಬಸಿಯಿರಿ. ತಿಳಿನೀರು ಬರುವ ತನಕ ಇದೇ ಕೆಲಸ. ಒಳಗೆ ನೀರು ಉಳಿದಿರುವುದರಿಂದ ನೀರು ಬೆರೆಸದ ಕೂಲಂಟ್ (ಕಾನ್ಸಂಟ್ರೇಟ್) ಅನ್ನೇ ಮೊದಲು ಹಾಕಬೇಕು: ಒಟ್ಟು 5 ಲೀಟರ್ ಹಿಡಿಯುವ ಕಾರಿಗೆ 2.5 ಲೀಟರ್, ಮಿಕ್ಕಿದ್ದು ಡಿಸ್ಟಿಲ್ಡ್ ವಾಟರ್. ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿದರೆ ಗಾಳಿಗುಳ್ಳೆ ಹೊರಬರುತ್ತದೆ. ತಣಿದ ಮೇಲೆ ಮಟ್ಟ ನೋಡಿ ತುಂಬಿಸಿ.

ಬಸಿದದ್ದನ್ನು ಚರಂಡಿಗೆ ಚೆಲ್ಲಲೇಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವ ವಿಷ. ನಾಯಿ, ದನಕರು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯಬಹುದು. ಹೆದ್ದಾರಿಯ ಪೆಟ್ರೋಲ್ ಬಂಕ್‌ಗಳು ಬೇಸಿಗೆಯಲ್ಲಾದರೂ ಡಿಸ್ಟಿಲ್ಡ್ ವಾಟರ್ ಮಾರಾಟಕ್ಕಿಡಲಿ, ಗ್ಯಾರೇಜುಗಳು ಹಳೆಯ ಕೂಲಂಟ್ ಅನ್ನು ಕ್ಯಾನ್‌ನಲ್ಲಿ ಮುಚ್ಚಿಡಲಿ.

– ಕಾರ್ ಮೆಕ್ಯಾನಿಕ್‌ಗಳು, ಚಿತ್ರದುರ್ಗ