ಹೊರಗುತ್ತಿಗೆ ಬದಲಾಗಿದೆ, ಕೊಡಗು ತಯಾರಾಗಲಿ

ಸಂಪಾದಕರೇ,

ಕೊಡಗಿನ ಎಷ್ಟೋ ಮಕ್ಕಳು ಡಿಗ್ರಿ ಮುಗಿಸಿದ ಕೂಡಲೇ ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಕಾಲ್ ಸೆಂಟರ್‌ನಲ್ಲೋ ಬೇರೆ ಕಂಪನಿಗಳ ಕೆಲಸವನ್ನು ಗುತ್ತಿಗೆಗೆ ಮಾಡಿಕೊಡುವ ಬಿಪಿಒದಲ್ಲೋ ಏನಾದರೂ ಸಿಕ್ಕೀತು ಅಂತ. ಆ ಬಾಗಿಲು ಈಗ ಕಿರಿದಾಗುತ್ತಿದೆ. ಗ್ರಾಹಕರ ಪ್ರಶ್ನೆಗೆ ಉತ್ತರಿಸುವುದು, ಬಿಲ್ಲು ನೋಡಿ ಡೇಟಾ ತುಂಬುವುದು, ಇಂಥದ್ದನ್ನೆಲ್ಲ ಎಐ ಮಾಡತೊಡಗಿದೆ. 2025ರಲ್ಲಿ ದೊಡ್ಡ ಐಟಿ ಕಂಪನಿ ಟಿಸಿಎಸ್‌ ಕೂಡ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು.

ಇನ್ನೊಂದು ಕಡೆ, ವಿದೇಶಿ ಕಂಪನಿಗಳು ಕೆಲಸವನ್ನು ಬೇರೆಯವರಿಗೆ ಗುತ್ತಿಗೆ ಕೊಡುವ ಬದಲು ಇಲ್ಲೇ ತಮ್ಮದೇ ಕಚೇರಿ ತೆರೆಯುತ್ತಿವೆ, ಜಿಸಿಸಿ ಅಂತಾರಲ್ಲ, ಅವು. ಅಲ್ಲಿ ಇಂಗ್ಲಿಷ್ ಚೆನ್ನಾಗಿ ಮಾತಾಡಿದರಷ್ಟೇ ಸಾಲದು. ಲೆಕ್ಕಪತ್ರ, ಕ್ಲೌಡ್ (ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರ್‌ಗಳನ್ನು ಬಳಸುವ ತಂತ್ರಜ್ಞಾನ), ಸೈಬರ್ ಭದ್ರತೆ, ಒಂದಾದರೂ ಗಟ್ಟಿಯಾಗಿ ಬರಬೇಕು. ರಾಜ್ಯದ 2024ರ ಜಿಸಿಸಿ ನೀತಿ 2029ರೊಳಗೆ 500 ಹೊಸ ಕೇಂದ್ರಗಳ ಗುರಿ ಇಟ್ಟಿದೆ, ಬೆಂಗಳೂರಿನ ಆಚೆಗೂ ಅಂತ ಹೇಳಿದೆ. ಸಂತೋಷ. ಮೈಸೂರಿಗೆ ಬಂದರೆ ಕುಶಾಲನಗರದವರಿಗೆ ಹತ್ತಿರ ಅಲ್ವಾ? ಆದರೆ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು, ನೆಟ್‌ವರ್ಕ್ ಇಲ್ಲದ ಊರಲ್ಲಿ ಮನೆಯಿಂದಲೇ ಕೆಲಸ ಮಾಡುವುದು ಹೇಗೆ? ನಮ್ಮ ಕಾಲೇಜುಗಳಲ್ಲಿ ಈ ಕೌಶಲ ಕಲಿಸುವ ತರಗತಿ ಈ ವರ್ಷವೇ ಶುರುವಾಗಲಿ. ಮಳೆಗೆ ಮುಂಚೆ ತಂತಿ ಮೇಲಿನ ಕೊಂಬೆಗಳನ್ನು ಕಡಿಸಿ.

– ಒಬ್ಬ ಓದುಗ, ಸೋಮವಾರಪೇಟೆ