ಮೊಂತಿ ಎಂದರೆ ಗುಡ್ಡ

ಮಾನ್ಯರೇ,

ನಮ್ಮ ಮಂಗಳೂರು ಕಥೊಲಿಕ್ ಕ್ರೈಸ್ತರ ಸೆಪ್ಟೆಂಬರ್ 8ರ ಹಬ್ಬವನ್ನು ಈಗ ಎಲ್ಲರೂ ‘ತೆನೆ ಹಬ್ಬ’ ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ‘ಮೊಂತಿ ಫೆಸ್ತ್’ ಎಂಬ ಹೆಸರು ಮರೆಯಾಗಬಾರದು ಅಲ್ವಾ? ಪೋರ್ಚುಗೀಸರ ‘ಮೊಂತೆ’ ಅಂದರೆ ಗುಡ್ಡ. ನಮ್ಮ ಫರಂಗಿಪೇಟೆಯ ಮೊಂತೆ ಮರಿಯಾನೊ, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಗುಡ್ಡದ ಇಗರ್ಜಿಯಿಂದ (ಚರ್ಚಿನಿಂದ) ಬಂದ ಹೆಸರಿದು. ಅಂದು ಮಾತೆ ಮರಿಯಮ್ಮ ಹುಟ್ಟಿದ ದಿನ. ಅದಕ್ಕೂ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ.

ಹಬ್ಬದ ದಿನ ಇಗರ್ಜಿಯಲ್ಲಿ ಹರಸಿದ ತೆನೆ ಮನೆಗೆ ಬರುತ್ತದೆ. ನಮ್ಮಮ್ಮ ಅದರ ಕಾಳು ಸುಲಿದು, ಪುಡಿ ಮಾಡಿ, ತೆಂಗಿನಹಾಲಿಗೆ ಬೆರೆಸಿ ಎಲ್ಲರಿಗೂ ಒಂದೊಂದು ಗುಟುಕು ಕೊಡುತ್ತಾರೆ. ಆಮೇಲೆ ಬಾಳೆಲೆಯಲ್ಲಿ ತರಕಾರಿ ಊಟ. ಮೀನಿಲ್ಲ.

ಪತ್ರಿಕೆಯಲ್ಲಿ ದಯವಿಟ್ಟು ಎರಡೂ ಹೆಸರು ಬರೆಯಿರಿ.

– ಓದುಗ, ಮಂಗಳೂರು